ಬಡೋದೇಕರ್ ಎಂಬ ಹೆಸರು: ಬರೋಡಾದಿಂದ ಕುಂದಗೋಳಕ್ಕೆ ಒಂದು ಸಂಗೀತ ನಕ್ಷೆ

ನಮ್ಮ ಹಿಂದುಸ್ತಾನಿ ಗಾಯಕರ ಹೆಸರುಗಳ ಜೊತೆಗೆ ಅವರ ಊರುಗಳೂ ಲೋಕಸಂಚಾರ ಮಾಡಿವೆ. ಗಂಗೂಬಾಯಿಯವರ ಹೆಸರಿನೊಡನೆ ಹಾನಗಲ್ಲು, ಮಲ್ಲಿಕಾರ್ಜುನರ ಹೆಸರಿನೊಡನೆ ಮನ್ಸೂರು, ಸವಾಯಿ ಗಂಧರ್ವರೆಂದು ಜನ ಕೊಂಡಾಡಿದ ರಾಮಭಾವು ಅವರ ಹೆಸರಿನೊಡನೆ ಕುಂದಗೋಳ. ಈ ಸಾಲಿನಲ್ಲಿಯೇ ನಮ್ಮ ಹಿರಿಯರು ಪ್ರೀತಿಯಿಂದ ಹೇಳುತ್ತಿದ್ದ ಇನ್ನೊಂದು ಹೆಸರು ಹೀರಾಬಾಯಿ ಬಡೋದೇಕರ್. ಬಡೋದೆ ಎಂದರೆ ಮರಾಠಿಗರ ಬಾಯಲ್ಲಿ ಬರೋಡಾ, ಇಂದಿನ ವಡೋದರಾ. ಆದರೆ ಹೀರಾಬಾಯಿಯವರು 1905ರಲ್ಲಿ ಹುಟ್ಟಿದ್ದು ಮೀರಜಿನಲ್ಲಿ. ಬಾಳಿ ಹಾಡಿದ್ದು ಹೆಚ್ಚಾಗಿ ಮುಂಬಯಿ, ಪುಣೆಗಳಲ್ಲಿ. ಬರೋಡಾದಲ್ಲಿ ಹುಟ್ಟದ, ಬರೋಡಾದಲ್ಲಿ ಬೆಳೆಯದ ಗಾಯಕಿಯ ಹೆಸರಿನಲ್ಲಿ ಈ ಊರು ಹೇಗೆ ಬಂದು ಸೇರಿತು?

ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಈ ಪ್ರಶ್ನೆ ಬಹಳ ಹಿಂದೆಯೇ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ನಾವು ಊರಿನಿಂದ ಹೊತ್ತು ತಂದ ಸಂಗೀತ ಬೇರೆ, ನಾವು ಬಂದು ಸೇರಿದ ಊರಿನ ಸಂಗೀತ ಬೇರೆ ಎಂದೇ ತಿಳಿದಿದ್ದೆವು. ಭೀಮಸೇನ ಜೋಶಿಯವರ ಧ್ವನಿಮುದ್ರಿಕೆಯನ್ನು ಹಚ್ಚಿಕೊಂಡು ಕುಳಿತಾಗ ನಾವು ಧಾರವಾಡದಲ್ಲಿರುತ್ತಿದ್ದೆವು. ಕಿಟಕಿಯಾಚೆಯ ನವರಾತ್ರಿಯ ಗರಬಾ ಕೇಳಿದಾಗ ಗುಜರಾತಿಗೆ ಮರಳುತ್ತಿದ್ದೆವು. ಈ ಎರಡರ ನಡುವೆ ಒಂದು ದಾರಿ ಇದ್ದೀತೆಂದು ನಮಗೆ ತೋರಿಸಿಕೊಟ್ಟದ್ದು ಒಂದು ನಕ್ಷೆ. ಅದನ್ನು ಬರೆದವರೂ ನಾವೇ. ಆ ನಕ್ಷೆಯ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ಕಲಾವಿದರ ಸಂಬಂಧಗಳನ್ನು ನಕ್ಷೆಯಾಗಿ ಬರೆಯುವುದು ಹೊಸ ಮಾತಲ್ಲ. ಇಂಗ್ಲೆಂಡಿನ ಪೀಟ್ ಫ್ರೇಮ್ ಎಂಬವರು 1970ರ ದಶಕದಲ್ಲಿ ರಾಕ್ ಸಂಗೀತದ ತಂಡಗಳ ವಂಶವೃಕ್ಷಗಳನ್ನು ಕೈಯಿಂದಲೇ ಬರೆದು ಪ್ರಸಿದ್ಧರಾದರು. ಯಾವ ತಂಡ ಒಡೆದು ಯಾವುದು ಹುಟ್ಟಿತು, ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತಿತ್ತು. ಈಗ ಗಣಕಯಂತ್ರವೂ ಇಂಥ ನಕ್ಷೆಗಳನ್ನು ಬರೆಯುತ್ತದೆ. ಮ್ಯೂಸಿಕ್ ಮ್ಯಾಪ್ ಎಂಬಲ್ಲಿ ಒಬ್ಬ ಕಲಾವಿದರ ಹೆಸರು ಕೊಟ್ಟರೆ ಸುತ್ತ ಹಲವು ಹೆಸರುಗಳು ತೇಲಿ ಬಂದು ನಿಲ್ಲುತ್ತವೆ. ಎರಡು ಹೆಸರುಗಳು ಎಷ್ಟು ಹತ್ತಿರವಿದ್ದರೆ ಒಬ್ಬನೇ ಕೇಳುಗನಿಗೆ ಎರಡೂ ಹಿಡಿಸುವ ಸಂಭವ ಅಷ್ಟು ಹೆಚ್ಚು ಎಂಬುದು ಅದರ ಲೆಕ್ಕ. ಹೊಸ ಸಂಗೀತವನ್ನು ಹುಡುಕುವವರಿಗೆ ಅದು ಉಪಕಾರಿಯೇ ಸರಿ. ಆದರೆ ಅದು ಅಳೆಯುವುದು ಕೇಳುಗರ ಅಭಿರುಚಿಯನ್ನು. ಒಂದು ಸ್ವರ ಒಬ್ಬರ ಕಂಠದಿಂದ ಇನ್ನೊಬ್ಬರ ಕಂಠಕ್ಕೆ ಯಾವ ಊರಿನಲ್ಲಿ, ಯಾರ ಮನೆಯಲ್ಲಿ, ಯಾವ ಬೆಲೆ ತೆತ್ತು ದಾಟಿತು ಎಂಬುದು ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ನಮ್ಮ ಘರಾಣೆಗಳಿಗೆ ತಮ್ಮದೇ ಆದ ವಂಶವೃಕ್ಷಗಳಿವೆ. ಗುರುವಿನ ಹೆಸರು ಮೇಲೆ, ಶಿಷ್ಯರ ಹೆಸರು ಕೆಳಗೆ, ನಡುವೆ ಒಂದು ಗೆರೆ. ಒಂದು ರಜಾದಿನ ವಡೋದರಾದ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಸೇರಿದ್ದಾಗ ನಾವೂ ಅಂಥದೊಂದನ್ನು ದೊಡ್ಡ ಹಾಳೆಯ ಮೇಲೆ ಬರೆಯತೊಡಗಿದೆವು. ಎರಡು ನಿಯಮಗಳನ್ನು ಮಾತ್ರ ಹಾಕಿಕೊಂಡೆವು. ಹೆಸರಿನ ಜೊತೆಗೆ ಊರನ್ನೂ ಬರೆಯಬೇಕು ಎಂಬುದು ಮೊದಲನೆಯದು. ಎದುರು ಕುಳಿತು ಕಲಿತಿದ್ದರೆ ಇಡಿಯ ಗೆರೆ, ಬರಿದೆ ಕೇಳಿ ಪ್ರಭಾವಿತರಾಗಿದ್ದರೆ ಚುಕ್ಕೆಗೆರೆ ಎಂಬುದು ಎರಡನೆಯದು.

ಪರಿಚಿತರಿಂದಲೇ ಪ್ರಾರಂಭಿಸಿದೆವು. ಕೆಳಗೆ ಹುಬ್ಬಳ್ಳಿಯ ಗಂಗೂಬಾಯಿ, ರೋಣದಲ್ಲಿ ಹುಟ್ಟಿದ ಭೀಮಸೇನರು. ಇಬ್ಬರಿಂದಲೂ ಮೇಲೆ ಹೋದ ಗೆರೆಗಳು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕೂಡಿದವು. ಅವರ ಮೇಲೆ ಉಸ್ತಾದ್ ಅಬ್ದುಲ್ ಕರೀಂ ಖಾನರು. ಖಾನರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾದಲ್ಲಿ. ಕಿರಾನಾ ಘರಾಣೆಗೆ ಹೆಸರು ಬಂದದ್ದು ಆ ಊರಿನಿಂದಲೇ. ಕೈರಾನಾದಿಂದ ಧಾರವಾಡದ ಸೀಮೆಗೆ ಒಂದು ನೇರ ಗೆರೆ ಎಳೆದರೆ ಮುಗಿಯಿತು ಎಂದುಕೊಂಡೆವು. ಊರುಗಳನ್ನು ಬರೆಯಬೇಕೆಂಬ ನಿಯಮ ನಮ್ಮನ್ನು ತಡೆಯಿತು. ಗೆರೆ ನೇರವಾಗಿ ದಕ್ಷಿಣಕ್ಕೆ ಇಳಿಯಲಿಲ್ಲ. ಅದು ಪಶ್ಚಿಮಕ್ಕೆ ಬಾಗಿ, ನಾವು ಕುಳಿತಿದ್ದ ಊರಿಗೇ ಬಂದು ನಿಂತಿತು.

ಅಂದಿನ ಬರೋಡಾವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಅಗತ್ಯ. 1875ರಲ್ಲಿ ಬಾಲಕನಾಗಿ ಗಾದಿಗೆ ಬಂದು, 1881ರಲ್ಲಿ ಪೂರ್ಣಾಧಿಕಾರ ಪಡೆದು, 1939ರವರೆಗೆ ಆಳಿದ ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲ ಅದು. ಗ್ರಂಥಾಲಯ, ಶಾಲೆಗಳಂತೆ ಸಂಗೀತವನ್ನೂ ಈ ಅರಸರು ಆಡಳಿತದ ಒಂದು ವಿಷಯವಾಗಿ ಕಂಡರು. ಗಾಯಕರು, ವಾದಕರು, ನರ್ತಕಿಯರು ಎಲ್ಲರೂ ‘ಕಲಾವಂತ ಕಾರಖಾನೆ’ ಎಂಬ ಇಲಾಖೆಗೆ ಸೇರಿದ್ದರು. ಅರಸರ ಮೊದಲ ರಾಣಿ ತಂಜಾವೂರಿನವರಾದ ಕಾರಣ ತಂಜಾವೂರಿನ ನರ್ತಕಿಯರೂ ಇಲ್ಲಿಗೆ ಬಂದಿದ್ದರು. 1886ರಲ್ಲಿ ಇಲ್ಲಿ ಒಂದು ಗಾಯನಶಾಲೆ ತೆರೆಯಿತು. ಆಸ್ಥಾನದ ಒಳಗಿದ್ದ ವಿದ್ಯೆ ಸ್ವರಲಿಪಿ, ಅಚ್ಚಾದ ಪಠ್ಯಪುಸ್ತಕಗಳ ಮೂಲಕ ಊರ ಮಕ್ಕಳಿಗೆ ದೊರೆಯುವಂತಾಯಿತು. ಆ ಶಾಲೆಯೇ ಬೆಳೆದು ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವಾಗಿ ಉಳಿದಿದೆ.

ಆ ಶಾಲೆಯನ್ನು ಕಟ್ಟಿದ ಮೌಲಾಬಕ್ಷರ ಹೆಸರನ್ನು ನಕ್ಷೆಯಲ್ಲಿ ಬರೆದಾಗ ನಮಗೆ ಮೊದಲ ಅಚ್ಚರಿ ಎದುರಾಯಿತು. ಅವರ ಹೆಸರಿನ ಪಕ್ಕದಲ್ಲಿ ಮೈಸೂರು ಎಂದು ಬರೆಯಬೇಕಾಗಿ ಬಂತು. ಉತ್ತರದ ಸಂಗೀತದಲ್ಲಿ ನುರಿತಿದ್ದ ಮೌಲಾಬಕ್ಷರು ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ರಾಜಮರ್ಯಾದೆ ಪಡೆದರು. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂಬುದು ಆ ಮನೆತನದವರು ನಂಬಿಕೊಂಡು ಬಂದ ಕಥೆ. ಮೌಲಾಬಕ್ಷರ ಮಗಳ ಮಗ ಇನಾಯತ್ ಖಾನರು 1882ರಲ್ಲಿ ಬರೋಡಾದಲ್ಲಿ ಹುಟ್ಟಿ, ಅಜ್ಜನ ಮನೆಯಲ್ಲಿಯೇ ವೀಣೆ, ಗಾಯನಗಳನ್ನು ಕಲಿತು, 1910ರಲ್ಲಿ ಅಮೆರಿಕಕ್ಕೆ ಹೋಗಿ ಸೂಫಿ ಗುರುವೆಂದು ಪಶ್ಚಿಮದ ದೇಶಗಳಲ್ಲಿ ಹೆಸರಾದರು. ಅವರ ಮಗಳು ನೂರ್ ಇನಾಯತ್ ಖಾನ್ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ರಹಸ್ಯವಾಗಿ ದುಡಿದು 1944ರಲ್ಲಿ ದಾಖಾವ್ ಬಂಧೀಖಾನೆಯಲ್ಲಿ ಪ್ರಾಣ ತೆತ್ತರು. ನಮ್ಮ ಹಾಳೆಯ ಒಂದು ಮೂಲೆ ಹೀಗೆ ಮೈಸೂರಿನಿಂದ ಹೊರಟು ಬರೋಡಾದ ಮೇಲೆ ಹಾದು ಯುರೋಪಿನವರೆಗೆ ಚಾಚಿಕೊಂಡಿತು.

ಈ ಬರೋಡಾಕ್ಕೆ 1890ರ ದಶಕದಲ್ಲಿ ಅಬ್ದುಲ್ ಕರೀಂ ಖಾನರು ತಮ್ಮ ಸೋದರ ಅಬ್ದುಲ್ ಹಕ್ ಅವರೊಡನೆ ಬಂದರು. ವಯಸ್ಸು ಇಪ್ಪತ್ತರ ಆಚೀಚೆ. ಆಸ್ಥಾನದಲ್ಲಿ ಹಾಡುವುದರ ಜೊತೆಗೆ ಕಲಿಸುವ ಕೆಲಸವೂ ಇತ್ತು. ಕಲಿಯಲು ಕುಳಿತವರಲ್ಲಿ ತಾರಾಬಾಯಿ ಎಂಬ ಯುವತಿಯೂ ಒಬ್ಬರು. ರಾಜಮನೆತನಕ್ಕೆ ಸಂಬಂಧಪಟ್ಟ ಸರದಾರ ಮಾರುತಿರಾವ್ ಮಾನೆಯವರ ಮಗಳು. ಗುರುಶಿಷ್ಯರು ಪರಸ್ಪರ ಮೆಚ್ಚಿದರು. ಜಾತಿ, ಮತ, ಅಂತಸ್ತು ಮೂರೂ ಅಡ್ಡ ನಿಂತವು. ಇಬ್ಬರೂ ಬರೋಡಾವನ್ನು ಬಿಟ್ಟು ಹೊರಟರು. ಮುಂಬಯಿಯಲ್ಲಿ ಕೆಲಕಾಲವಿದ್ದು, ಮುಂದೆ ಮೀರಜಿನಲ್ಲಿ ನೆಲೆ ನಿಂತರು. ಮನೆ ಬಿಟ್ಟ ಇಬ್ಬರ ಈ ನಡೆ ಅಂದಿನ ಜನರ ಕಣ್ಣಿಗೆ ಒಂದು ಅಪವಾದವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಕ್ಷೆಯನ್ನು ನೋಡುವ ನಮಗೆ ಕಾಣುವುದೇ ಬೇರೆ. ಖಾನರು ಬರೋಡಾದ ಸಂಬಳದಲ್ಲಿ ಸುಖವಾಗಿ ಉಳಿದುಬಿಟ್ಟಿದ್ದರೆ ಮೀರಜಿನ ಹೆಸರು ಈ ಹಾಳೆಯ ಮೇಲೆ ಬರುತ್ತಿತ್ತೇ, ಮೀರಜಿನ ಬಳಿಯ ಕನ್ನಡ ಸೀಮೆ ಬರುತ್ತಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಮೀರಜು ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಗಡಿಯೂರು. ಅಲ್ಲಿಂದ ಖಾನರು ಮೈಸೂರಿನ ಆಸ್ಥಾನಕ್ಕೆ ಮತ್ತೆ ಮತ್ತೆ ಪ್ರಯಾಣ ಮಾಡುತ್ತಿದ್ದರು. ದಾರಿಯಲ್ಲಿ ಧಾರವಾಡ ಸಿಕ್ಕುತ್ತಿತ್ತು. ಆಸ್ಥಾನದ ಆಹ್ವಾನ, ದಾರಿಯ ನಡುವಿನ ಬಿಡಾರ, ಆ ಬಿಡಾರದಲ್ಲಿ ಆಸಕ್ತರ ಮನೆಯ ಬೈಠಕ್ಕು, ಬೈಠಕ್ಕಿಗೆ ಬಂದ ಒಬ್ಬ ಹುಡುಗ: ಧಾರವಾಡದ ಸೀಮೆಗೆ ಕಿರಾನಾ ಗಾಯಕಿ ಇಳಿದು ಬಂದದ್ದು ಇಂಥ ಪ್ರಯಾಣದ ಆಕಸ್ಮಿಕಗಳಿಂದ. ಕುಂದಗೋಳದ ನಾಡಿಗೇರ ವಾಡೆಗೆ ಖಾನರು ಬಂದಿದ್ದಾಗ ರಾಮಭಾವು ಎಂಬ ಹುಡುಗನ ಹಾಡು ಅವರ ಕಿವಿಗೆ ಬಿತ್ತೆಂದೂ ಅವನನ್ನು ಶಿಷ್ಯನಾಗಿ ಸ್ವೀಕರಿಸಿದರೆಂದೂ ಆ ಭಾಗದಲ್ಲಿ ಇಂದಿಗೂ ಹೇಳುತ್ತಾರೆ. ಆ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ಈಗಲೂ ನಡೆಯುತ್ತದೆ. ದಾರಿ ಎರಡೂ ಕಡೆಗೆ ತೆರೆದಿತ್ತೆಂಬುದನ್ನೂ ಮರೆಯಬಾರದು. ಮೈಸೂರಿನ ಒಡನಾಟದಲ್ಲಿ ಖಾನರು ದಕ್ಷಿಣಾದಿ ಸಂಗೀತಕ್ಕೆ ಕಿವಿಗೊಟ್ಟರು. ತ್ಯಾಗರಾಜರ ಕೃತಿಯೊಂದನ್ನು ತಮ್ಮದೇ ರೀತಿಯಲ್ಲಿ ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. 1937ರಲ್ಲಿ ಅವರು ಕೊನೆಯುಸಿರೆಳೆದದ್ದೂ ದಕ್ಷಿಣದಲ್ಲಿಯೇ, ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ.

ಇನ್ನು ಆ ಹೆಸರಿನ ಪ್ರಶ್ನೆ. ಖಾನರಿಗೂ ತಾರಾಬಾಯಿಯವರಿಗೂ ಐದು ಮಕ್ಕಳು. 1920ರ ಆಸುಪಾಸಿನಲ್ಲಿ ದಂಪತಿಗಳು ಬೇರೆಯಾದರು. ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಹೋಗಿ ಅವರಿಗೆ ಹೊಸ ಹೆಸರುಗಳನ್ನಿಟ್ಟರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು. ಚಂಪಾಕಲಿ ಹೀರಾಬಾಯಿಯಾದರು. ಸಕೀನಾ ಸರಸ್ವತಿಯಾಗಿ, ಮುಂದೆ ಸರಸ್ವತಿ ರಾಣೆ ಎಂದು ಪ್ರಸಿದ್ಧರಾದರು. ಗಂಡುಮಕ್ಕಳಿಗೆ ತಾಯಿಯ ಮನೆತನದ ಹೆಸರು ಬಂದರೆ ಹೀರಾಬಾಯಿಯವರಿಗೆ ತಾಯಿಯ ಊರಿನ ಹೆಸರು ಬಂತು. ತಾರಾಬಾಯಿ ಯಾವ ಊರನ್ನು ಬಿಟ್ಟು ಓಡಬೇಕಾಯಿತೋ ಅದೇ ಊರಿನ ಹೆಸರನ್ನು ಮಗಳಿಗೆ ಕೊಟ್ಟರು. ಬಡೋದೇಕರ್ ಎಂಬ ಹೆಸರಿನಲ್ಲಿ ನಾವು ಇಷ್ಟು ಕಾಲವೂ ಕೇಳದೆ ಹೋದದ್ದು ಇದನ್ನೇ: ಒಬ್ಬ ತಾಯಿಯ ಊರು ಅದರಲ್ಲಿದೆ, ಒಬ್ಬ ತಂದೆಯ ಹೆಸರು ಅದರಲ್ಲಿಲ್ಲ.

ಆದರೂ ಕಂಠ ತಂದೆಯ ಘರಾಣೆಯನ್ನು ಬಿಡಲಿಲ್ಲ. ಹೀರಾಬಾಯಿಯವರಿಗೆ ಕಲಿಸಿದವರು ಅಣ್ಣ ಸುರೇಶಬಾಬು ಮತ್ತು ಕಿರಾನಾದ ಇನ್ನೊಬ್ಬ ಧೀಮಂತರಾದ ಅಬ್ದುಲ್ ವಹೀದ್ ಖಾನರು. ಟಿಕೆಟ್ಟು ಇಟ್ಟು ಸಾರ್ವಜನಿಕ ಕಛೇರಿ ನಡೆಸಿದ ಮೊದಲ ತಲೆಮಾರಿನ ಮಹಿಳೆಯರಲ್ಲಿ ಹೀರಾಬಾಯಿಯವರಿಗೆ ಮುಖ್ಯಸ್ಥಾನವಿದೆ. ಮಹಿಳೆ ವೇದಿಕೆಯ ಮೇಲೆ ಗೌರವದಿಂದ ಕುಳಿತು ಹಾಡಬಲ್ಲಳು ಎಂಬುದನ್ನು ಅವರು ಹಾಡಿಯೇ ಸ್ಥಾಪಿಸಿದರು. ಅವರನ್ನು ಅಕ್ಕನಂತೆ ಕಂಡ ನಮ್ಮ ಗಂಗೂಬಾಯಿಯವರಿಗೆ ಆ ದಾರಿ ಎಷ್ಟು ಅಗತ್ಯವಾಗಿತ್ತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿ, ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ತಾಲೀಮು ಪಡೆದರು.

ಗಂಗೂಬಾಯಿಯವರ ಹೆಸರನ್ನು ಬರೆಯುವಾಗ ನಮ್ಮ ನಕ್ಷೆಯ ಒಂದು ಕೊರತೆಯೂ ಕಂಡಿತು. ಅವರ ಮೊದಲ ಸಂಗೀತ ತಾಯಿ ಅಂಬಾಬಾಯಿಯವರದು. ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡದಲ್ಲಿ ಅಬ್ದುಲ್ ಕರೀಂ ಖಾನರಂಥವರು ಅವರ ಹಾಡನ್ನು ಕೇಳಲು ಬರುತ್ತಿದ್ದರೆಂದು ಗಂಗೂಬಾಯಿಯವರು ನೆನೆಯುತ್ತಿದ್ದರು. ಘರಾಣೆಯ ವಂಶವೃಕ್ಷಗಳಲ್ಲಿ ಅಂಬಾಬಾಯಿಗೆ ಸ್ಥಳವಿಲ್ಲ. ತಾರಾಬಾಯಿಯವರಿಗೂ ಇಲ್ಲ. ಒಬ್ಬ ತಾಯಿ ಮಗಳ ಕಿವಿಯನ್ನು ತಿದ್ದಿದರು, ಇನ್ನೊಬ್ಬ ತಾಯಿ ಮಕ್ಕಳನ್ನು ಹಾಡುವವರನ್ನಾಗಿ ಬೆಳೆಸಿ ನಿಲ್ಲಿಸಿದರು. ಗುರುವಿನಿಂದ ಶಿಷ್ಯನಿಗೆ ಎಳೆದ ಗೆರೆ ಈ ದುಡಿಮೆಯನ್ನು ಕಾಣುವುದಿಲ್ಲ. ನಾವು ಇಬ್ಬರ ಹೆಸರನ್ನೂ ಇಡಿಯ ಗೆರೆಯಿಂದಲೇ ಸೇರಿಸಿದೆವು.

ಚುಕ್ಕೆಗೆರೆಯ ಕಥೆ ಭೀಮಸೇನರದು. ಬಾಲಕ ಭೀಮಸೇನನಿಗೆ ಖಾನರ ದರ್ಶನವಾಗಲಿಲ್ಲ. ಸಿಕ್ಕಿದ್ದು ಅವರು ಹಾಡಿದ ಠುಮ್ರಿಯ ಒಂದು ಗ್ರಾಮಫೋನ್ ತಟ್ಟೆ. ಅದನ್ನು ಕೇಳಿದ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಗ್ವಾಲಿಯರ್, ಲಖನೌ, ರಾಮಪುರ, ಜಲಂಧರ ಎಂದು ಉತ್ತರವನ್ನೆಲ್ಲ ಅಲೆದು ಕೊನೆಗೆ ಗುರು ಸಿಕ್ಕಿದ್ದು ಮನೆಯಿಂದ ಅಷ್ಟೇನೂ ದೂರವಲ್ಲದ ಕುಂದಗೋಳದಲ್ಲಿ, 1936ರಲ್ಲಿ. ಖಾನರಿಂದ ಭೀಮಸೇನರಿಗೆ ಚುಕ್ಕೆಗೆರೆ ಮೊದಲು ಬಂತು, ಸವಾಯಿ ಗಂಧರ್ವರ ಮೂಲಕ ಹಾದ ಇಡಿಯ ಗೆರೆ ಆಮೇಲೆ ಬಂತು. ಗಣಕಯಂತ್ರದ ನಕ್ಷೆ ಬರೆಯುವುದು ಈ ಚುಕ್ಕೆಗೆರೆಗಳನ್ನೇ. ಅವನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಭೀಮಸೇನರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ವೇಳೆಗೆ, ತಟ್ಟೆಯೊಂದೇ ಸಾಕಾಗಿದ್ದರೆ ಆ ಹುಡುಗ ಮನೆ ಬಿಡುವ ಅಗತ್ಯವೂ ಇರಲಿಲ್ಲ.

ಬರೋಡಾದಿಂದ ಕನ್ನಡನಾಡಿಗೆ ಹೋಗುವ ಎರಡನೆಯ ದಾರಿಯನ್ನು ನಾವು ಹುಡುಕಿ ಹೋಗಿರಲಿಲ್ಲ, ಅದಾಗಿಯೇ ಸಿಕ್ಕಿತು. ಆಗ್ರಾ ಘರಾಣೆಯ ಫೈಯಾಜ್ ಖಾನರು 1912ರ ಸುಮಾರಿಗೆ ಬರೋಡಾದ ಆಸ್ಥಾನ ಗಾಯಕರಾಗಿ ಬಂದು 1950ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರಿಗೆ ‘ಆಫ್ತಾಬ್-ಎ-ಮೌಸೀಕಿ’, ಎಂದರೆ ಸಂಗೀತದ ಸೂರ್ಯ, ಎಂಬ ಬಿರುದನ್ನು ಕೊಟ್ಟವರು ಮೈಸೂರಿನ ಮಹಾರಾಜರು. 1916ರಲ್ಲಿ ಭಾತಖಂಡೆಯವರು ಮೊದಲ ಅಖಿಲ ಭಾರತ ಸಂಗೀತ ಪರಿಷತ್ತನ್ನು ನಡೆಸಿದ್ದೂ ಬರೋಡಾದಲ್ಲಿ. ಅದಾದ ಮರುವರ್ಷ ಭಾತಖಂಡೆಯವರು ತಮ್ಮ ಶಿಷ್ಯ ಶ್ರೀಕೃಷ್ಣ ರಾತಂಜನಕರರನ್ನು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಫೈಯಾಜ್ ಖಾನರ ಬಳಿಗೆ ಕಳುಹಿಸಿದರು. ಮುಂಬಯಿಯಲ್ಲಿ ಬೆಳೆದ ರಾತಂಜನಕರರಿಗೆ ಬಾಲ್ಯದಲ್ಲಿ ಸ್ವರಾಭ್ಯಾಸ ಮಾಡಿಸಿದವರು ಹೊನ್ನಾವರದ ಕೃಷ್ಣಂಭಟ್ಟರೆಂಬ ನಮ್ಮ ಕರಾವಳಿಯವರು. ಬರೋಡಾದಲ್ಲಿ ಐದು ವರ್ಷ ತಾಲೀಮು ಪಡೆದ ರಾತಂಜನಕರರು 1928ರಿಂದ ಲಖನೌದ ಮ್ಯಾರಿಸ್ ಕಾಲೇಜಿನ ಪ್ರಾಂಶುಪಾಲರಾದರು. ಅಲ್ಲಿಗೆ ಬೈಲಹೊಂಗಲದಿಂದ ಹನ್ನೊಂದು ವರ್ಷದ ಕೃಷ್ಣ ಗಿಂಡೆ ಬಂದರು. ಬೆಂಗಳೂರಿನಿಂದ ಚಿದಾನಂದ ನಗರಕರರು ಬಂದರು. ಉತ್ತರ ಕನ್ನಡದ ಎಸ್.ಸಿ.ಆರ್. ಭಟ್ಟರು ಬಂದರು. ಫೈಯಾಜ್ ಖಾನರ ಸಂಬಂಧಿಯೂ ಶಿಷ್ಯರೂ ಆಗಿದ್ದ ಅತಾ ಹುಸೇನ್ ಖಾನರಿಂದ ಬೆಂಗಳೂರಿನ ರಾಮರಾವ್ ನಾಯಕರು ಕಲಿತರು. ಹೊನ್ನಾವರದ ಒಂದು ಗೆರೆ ಮುಂಬಯಿ, ಬರೋಡಾ, ಲಖನೌಗಳನ್ನು ಸುತ್ತಿ ಬೈಲಹೊಂಗಲದಲ್ಲಿ ಇಳಿಯಿತು.

ಫೈಯಾಜ್ ಖಾನರ ಸಮಾಧಿ ಇದೇ ವಡೋದರಾದಲ್ಲಿದೆ. 2002ರ ಗಲಭೆಯ ದಿನಗಳಲ್ಲಿ ಅದಕ್ಕೆ ಹಾನಿ ಮಾಡಲಾಯಿತು. ಉರಿಯುವ ಟೈರುಗಳನ್ನು ಅದರ ಮೇಲೆ ಹಾಕಿದ್ದು ಅಂದಿನ ವರದಿಗಳಲ್ಲಿ ದಾಖಲಾಗಿದೆ. ಸಂಗೀತದ ಬಗೆಗಿನ ಬರಹದಲ್ಲಿ ಈ ಮಾತು ಬೇಕೇ ಎಂದು ನಮ್ಮೊಳಗೇ ಚರ್ಚೆಯಾಯಿತು. ಊರುಗಳನ್ನು ಬರೆಯುವುದು ನಮ್ಮ ನಿಯಮವಾಗಿರುವಾಗ, ಊರು ತನ್ನ ಹಾಡುಗಾರನಿಗೆ ಏನು ಮಾಡಿತು ಎಂಬುದನ್ನು ಬಿಟ್ಟು ಬರೆದರೆ ನಕ್ಷೆ ಸುಳ್ಳಾಗುತ್ತದೆ ಎಂಬ ತೀರ್ಮಾನಕ್ಕೆ ಬಂದೆವು. ಇಲ್ಲಿ ಬಾಳುತ್ತಿರುವ ನಾವೂ ಈಗ ಈ ಊರಿನವರೇ. ಮೈಸೂರು ಸೂರ್ಯನೆಂದು ಕರೆದವರ ಗೋರಿಗೆ ವಡೋದರಾದಲ್ಲಿ ಒದಗಿದ ಗತಿಯನ್ನು ‘ಅವರ’ ವಿಷಯವೆಂದು ದೂರ ನಿಂತು ನೋಡುವಂತಿಲ್ಲ. ಮೀರಜಿನಲ್ಲಿ ಅಬ್ದುಲ್ ಕರೀಂ ಖಾನರು ಮಣ್ಣಾದ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಉರುಸಿನ ಸಂದರ್ಭದಲ್ಲಿ ಎಲ್ಲ ಮತಗಳ ಗಾಯಕರೂ ಸೇರಿ ಹಾಡುತ್ತಾರೆ. ಒಂದೇ ಹಾಳೆಯ ಮೇಲೆ ಎರಡು ಸಮಾಧಿಗಳೂ ಇವೆ.

ಅಹಮದಾಬಾದ್ ಮತ್ತು ಸೂರತ್ತಿನ ಸದಸ್ಯರು ತಮ್ಮ ಊರುಗಳನ್ನು ಕೇಳಿದಾಗ ಮೂರನೆಯ ದಾರಿ ತೆರೆಯಿತು. ಅದು ಗ್ವಾಲಿಯರ್ ಗಾಯಕಿಯದು. ಇಚಲಕರಂಜಿಯ ಬಾಲಕೃಷ್ಣಬುವಾ ಅವರ ಶಿಷ್ಯರು ವಿಷ್ಣು ದಿಗಂಬರ ಪಲುಸ್ಕರರು. ಪಲುಸ್ಕರರ ಶಿಷ್ಯ ನಾರಾಯಣ ಮೋರೇಶ್ವರ ಖರೆಯವರು ಗಾಂಧೀಜಿಯವರ ಆಶ್ರಮಕ್ಕೆ ಸಂಗೀತ ಕಲಿಸಲು ಬಂದು ಅಹಮದಾಬಾದಿನಲ್ಲಿ ನೆಲೆಸಿದರು. ಸಾಬರಮತಿಯ ದಂಡೆಯ ಪ್ರಾರ್ಥನೆಗೆ ರಾಗ ಕೂಡಿಸಿದವರು ಅವರು, ದಾಂಡೀಯಾತ್ರೆಯಲ್ಲಿಯೂ ನಡೆದರು. 1938ರ ಕಾಂಗ್ರೆಸ್ ಅಧಿವೇಶನ ಸೂರತ್ ಜಿಲ್ಲೆಯ ಹರಿಪುರದಲ್ಲಿ ಸೇರಿದಾಗ ಅಲ್ಲಿಯೇ ತೀರಿಕೊಂಡರು. ಪಲುಸ್ಕರರ ಇನ್ನೊಬ್ಬ ಶಿಷ್ಯ ಓಂಕಾರನಾಥ ಠಾಕೂರರು ಬೆಳೆದದ್ದು ವಡೋದರಾದಿಂದ ಸೂರತ್ತಿಗೆ ಹೋಗುವ ರೈಲು ನರ್ಮದೆಯನ್ನು ದಾಟುವ ಭರೂಚಿನಲ್ಲಿ. ಮತ್ತೊಬ್ಬ ಶಿಷ್ಯ ಬಿ.ಆರ್. ದೇವಧರರು ಮುಂಬಯಿಯಲ್ಲಿ ಶಾಲೆ ನಡೆಸಿದರು. ಬೆಳಗಾವಿ ಬಳಿಯ ಸುಳೇಭಾವಿಯ ಬಾಲಕ ಕುಮಾರ ಗಂಧರ್ವರು ಸೇರಿದ್ದು ಆ ಶಾಲೆಯನ್ನು. ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯ ಮೀರಜಿನ ನೀಲಕಂಠಬುವಾ ಅವರಿಂದ ಗದುಗಿನ ಪಂಚಾಕ್ಷರಿ ಗವಾಯಿಗಳೂ ಮನ್ಸೂರರೂ ಕಲಿತರು. ನಾವು ಪ್ರತಿದಿನ ದಾಟಿ ಹೋಗುವ ನಿಲ್ದಾಣಗಳು ಹೀಗೆ ಗದಗು, ಧಾರವಾಡಗಳಿಗೆ ದಾಯಾದಿಗಳಾದವು.

ಇಲ್ಲಿಗೆ ಬಂದಾಗ ಒಂದು ಎಚ್ಚರಿಕೆಯನ್ನೂ ಹೇಳಿಕೊಂಡೆವು. ಇಂಥ ನಕ್ಷೆ ಬರೆಯುವವರಿಗೆ ಎಲ್ಲ ಗೆರೆಗಳನ್ನೂ ತಮ್ಮ ಊರಿಗೇ ಎಳೆದು ತರುವ ಚಪಲ ಬರುತ್ತದೆ. ಮನ್ಸೂರರನ್ನು ಮನ್ಸೂರರನ್ನಾಗಿ ಮಾಡಿದ ತಾಲೀಮು ಜಯಪುರ-ಅತ್ರೌಲಿ ಘರಾಣೆಯದು; ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಬುರ್ಜೀ ಖಾನರದು. ಆ ಗೆರೆ ಕೊಲ್ಲಾಪುರ, ಮುಂಬಯಿಗಳ ಕಡೆಗೆ ಹೋಗುತ್ತದೆ, ಗುಜರಾತಿಗೆ ಬರುವುದಿಲ್ಲ. ಅದನ್ನು ಹಾಗೆಯೇ ಬಿಟ್ಟೆವು. ಕನ್ನಡ ಸೀಮೆ ಹಿಂದುಸ್ತಾನಿ ಸಂಗೀತವನ್ನು ಅಷ್ಟು ದಟ್ಟವಾಗಿ ಬೆಳೆಸಿದ್ದಕ್ಕೆ ಬರೋಡಾ ಕಾರಣವೆಂದು ಹೇಳುವುದೂ ತಪ್ಪಾಗುತ್ತದೆ. ಬೀಜ ಎಲ್ಲಿಂದಲೋ ಬರಬಹುದು. ಕುಂದಗೋಳದ ವಾಡೆ, ಗದುಗಿನ ಆಶ್ರಮ, ಧಾರವಾಡದ ಕೇಳುಗರು ಇಲ್ಲದಿದ್ದರೆ ಅದು ಬೇರು ಬಿಡುತ್ತಿರಲಿಲ್ಲ.

ನಕ್ಷೆಯಿಂದ ನಮಗಾದ ಲಾಭವೆಂದರೆ ಹೊಸದಾಗಿ ಕೇಳಲು ಸಿಕ್ಕ ಸಂಗೀತ. ಗಂಗೂಬಾಯಿಯವರ ಗಂಭೀರ ನಾದಕ್ಕೆ ಒಗ್ಗಿದ್ದ ಕಿವಿಗೆ ಹೀರಾಬಾಯಿಯವರ ತಿಳಿಯಾದ, ಎಲ್ಲಿಯೂ ಗಡಿಬಿಡಿಯಿಲ್ಲದ ಸ್ವರ ಮೊದಲು ಬೇರೆ ಲೋಕದ್ದೆನಿಸಿತು. ಇಬ್ಬರ ಒಂದೇ ರಾಗವನ್ನು ಒಂದಾದ ಮೇಲೊಂದು ಇಟ್ಟು ಕೇಳಿದಾಗ ಆಲಾಪದಲ್ಲಿ ಒಂದೊಂದೇ ಸ್ವರವನ್ನು ಅರಳಿಸುತ್ತ ಮೇಲೇರುವ ಕಿರಾನಾ ಕ್ರಮ ಇಬ್ಬರಲ್ಲಿಯೂ ಒಂದೇ ಎಂಬುದು ತಿಳಿಯಿತು. ಸರಸ್ವತಿ ರಾಣೆಯವರು ಅಕ್ಕನೊಡನೆ ಹಾಡಿದ ಜುಗಲ್‌ಬಂದಿ ಸಿಕ್ಕಿತು. ಅಲ್ಲಿಂದ ಸುರೇಶಬಾಬು, ಅವರಿಂದ ಕಲಿತ ಪ್ರಭಾ ಅತ್ರೆ. ಗಿಂಡೆಯವರನ್ನು ನಮ್ಮಲ್ಲಿ ಹಲವರು ಕೇಳಿಯೇ ಇರಲಿಲ್ಲ. ಈಗ ಫೈಯಾಜ್ ಖಾನರ ನೋಮ್-ತೋಮ್ ಆಲಾಪವನ್ನು ಕೇಳಿದ ಮೇಲೆ ಗಿಂಡೆಯವರನ್ನು ಕೇಳುವುದು ನಮ್ಮ ರೂಢಿಯಾಗಿದೆ. ಜನವರಿಯ ಮೊದಲ ಹದಿಮೂರು ದಿನ ಅಹಮದಾಬಾದಿನಲ್ಲಿ ನಡೆಯುವ ಸಪ್ತಕ್ ಉತ್ಸವಕ್ಕೆ ಹೋದಾಗಲೂ ಹಾಡುವವರ ಹೆಸರಿನ ಹಿಂದೆ ಯಾವ ಊರಿದೆ ಎಂದು ಹುಡುಕುತ್ತೇವೆ.

ಆ ದಿನ ಹಾಳೆ 거의 ತುಂಬಿದಾಗ ಸೂರತ್ತಿನಲ್ಲಿ ಹುಟ್ಟಿ ಬೆಳೆದ ಕಿರಿಯಳೊಬ್ಬಳು ಕೇಳಿದಳು: “ಎಲ್ಲರೂ ಇಲ್ಲಿಂದ ಅಲ್ಲಿಗೆ ಹೋದವರೇ. ಅಲ್ಲಿಂದ ಇಲ್ಲಿಗೆ ಏನೂ ಬರಲಿಲ್ಲವೇ ದೊಡ್ಡಪ್ಪಾ?” ಮನೆಯಲ್ಲಿ ಕನ್ನಡ, ಗೆಳತಿಯರೊಡನೆ ಗುಜರಾತಿ ಆಡುವ ಹುಡುಗಿ. ಅವಳ ಪ್ರಶ್ನೆ ಸಂಗೀತದ ಬಗೆಗಷ್ಟೇ ಅಲ್ಲವೆಂದು ನಮಗೆ ತೋರಿತು. ಉತ್ತರ ಹಾಳೆಯಲ್ಲಿಯೇ ಇತ್ತು, ನಾವು ಗಮನಿಸಿರಲಿಲ್ಲ. ಸವಾಯಿ ಗಂಧರ್ವರ ಕೆಳಗೆ ಗಂಗೂಬಾಯಿ, ಭೀಮಸೇನರ ಜೊತೆಗೆ ಮೂರನೆಯ ಹೆಸರೊಂದಿತ್ತು: ಫಿರೋಜ್ ದಸ್ತೂರ್. 1919ರಲ್ಲಿ ಹುಟ್ಟಿದ ಮುಂಬಯಿಯ ಪಾರಸಿ. ಪಾರಸಿಗಳ ಮನೆಮಾತು ಗುಜರಾತಿ. ಹುಡುಗನಾಗಿದ್ದಾಗ ವಾಡಿಯಾ ಸಂಸ್ಥೆಯ ಮೊದಲ ವಾಕ್ಚಿತ್ರಗಳಲ್ಲಿ ಹಾಡಿ ನಟಿಸಿದವರು. ಆಮೇಲೆ ಚಿತ್ರರಂಗವನ್ನು ಬಿಟ್ಟು ಕುಂದಗೋಳದ ಗುರುವಿಗೆ ಶಿಷ್ಯರಾದರು. 2008ರಲ್ಲಿ ತೀರಿಕೊಳ್ಳುವವರೆಗೂ ಕಿರಾನಾ ಗಾಯಕಿಯನ್ನು ಬಿಡಲಿಲ್ಲ. ಬರೋಡಾವನ್ನು ಬಿಟ್ಟು ಹೋದ ಅಬ್ದುಲ್ ಕರೀಂ ಖಾನರ ಹಾಡು, ಒಬ್ಬ ಕನ್ನಡಿಗರ ಕಂಠದ ಮೂಲಕ, ಗುಜರಾತಿ ಆಡುವವರೊಬ್ಬರಿಗೆ ತಲುಪಿತ್ತು.

ಅವರ ಹೆಸರಿಗೆ ಹೋಗುವ ಗೆರೆಯನ್ನು ಎಳೆಯಲು ಪೆನ್ನನ್ನು ಅವಳ ಕೈಗೇ ಕೊಟ್ಟೆವು. ಇಡಿಯ ಗೆರೆಯೋ ಚುಕ್ಕೆಗೆರೆಯೋ ಎಂದು ಕೇಳಿದಳು. ಇಡಿಯದೇ ಎಂದೆವು. ಹಾಳೆ ಈಗಲೂ ಆ ಮನೆಯ ಗೋಡೆಯ ಮೇಲಿದೆ. ಅದರ ಅಂಚಿನಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿದೆ. ಈ ಬರಹವನ್ನು ಓದುವ ಹೊರನಾಡ ಕನ್ನಡಿಗರು ತಮ್ಮ ತಮ್ಮ ಊರುಗಳ ಮೇಲೆ ಹಾದುಹೋದ ಗೆರೆಗಳನ್ನು ತಿಳಿಸಿದರೆ ಅಲ್ಲಿ ಸೇರಿಸುತ್ತೇವೆ.